ನೀರು ಹಾಕಿದರೂ ಗಾಳಿ ಬೇಕು

ಮನೆಯಲ್ಲೇ ಕೂತು ಆಡಿಯೋ ಪುಸ್ತಕಗಳಿಗೆ ದನಿ ಕೊಡುವುದು ನನ್ನ ಕೆಲಸವಾದ್ದರಿಂದ, ಮೈಕಿನಿಂದ ನಾಲ್ಕಡಿ ದೂರದಲ್ಲಿರುವ ಕಂಪ್ಯೂಟರ್ ಸದ್ದು ಮಾಡಬಾರದೆಂದು ಎರಡು ವರ್ಷದ ಹಿಂದೆ ಅದರ ಪ್ರೊಸೆಸರ್‌ಗೆ ವಾಟರ್ ಕೂಲಿಂಗ್ (ಕೊಳವೆಯಲ್ಲಿ ನೀರು ಹರಿಸಿ ತಣ್ಣಗಿಡುವ ವ್ಯವಸ್ಥೆ) ಹಾಕಿಸಿದೆ. ಜೊತೆಗೆ, ಮುಂಭಾಗ ಪೂರ್ತಿ ಮುಚ್ಚಿ ಒಳಗೆ ಫೋಮ್ ಅಂಟಿಸಿದ್ದ, 'ಸೈಲೆಂಟ್' ಎಂದು ಮಾರುವ ಕ್ಯಾಬಿನೆಟ್ಟನ್ನೂ ಕೊಂಡೆ. ಇನ್ನು ನೀರಿದೆಯಲ್ಲ ಎಂಬ ಧೈರ್ಯದಲ್ಲಿ ಫ್ಯಾನುಗಳನ್ನೆಲ್ಲ 600 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 600 ಸುತ್ತಿಗೆ, ಇಳಿಸಿಬಿಟ್ಟೆ. ಬಳ್ಳಾರಿಯ ಏಪ್ರಿಲ್ ಬಂದಾಗ ಆ ಧೈರ್ಯ ಇಳಿಯಿತು: ಪ್ರೊಸೆಸರ್ ತಕ್ಕಮಟ್ಟಿಗೆ ತಣ್ಣಗಿದ್ದರೂ ಫೈಲುಗಳು ಉಳಿಯುವ ಎಸ್‌ಎಸ್‌ಡಿ ಡ್ರೈವ್ ಕಾದು, ದೊಡ್ಡ ಫೈಲುಗಳನ್ನು ಬರೆಯುವಾಗ ಕುಂಟತೊಡಗಿತು.

ಕಾರಣ ಸರಳವಾಗಿದೆ. ನೀರು ಶಾಖವನ್ನು ಪ್ರೊಸೆಸರ್‌ನಿಂದ, ತೆಳು ಲೋಹದ ರೆಕ್ಕೆಗಳಿರುವ ರೇಡಿಯೇಟರ್‌ಗೆ ಸಾಗಿಸುತ್ತದೆ. ಅಲ್ಲಿಂದ ಹೊರಗೆ ಹಾಕುವುದು ಗಾಳಿಯದೇ ಕೆಲಸ, ಹಾಗಾಗಿ ಕೋಣೆಯ ಉಷ್ಣತೆಗಿಂತ ಕೆಳಗೆ ಯಾವ ರೇಡಿಯೇಟರ್ರೂ ನೀರನ್ನು ಇಳಿಸಲಾರದು. ಪ್ರೊಸೆಸರ್ ಮೇಲೆಯೇ ಫ್ಯಾನು ಕೂರಿಸುವ ಹಳೆಯ ಕಾಲದ ಏರ್ ಕೂಲರ್ ಇದ್ದಾಗ ಅದರ ಫ್ಯಾನಿನ ಗಾಳಿ ಸುತ್ತಲಿನ ಮದರ್‌ಬೋರ್ಡ್ ಭಾಗಗಳಿಗೂ ತಾಗುತ್ತಿತ್ತು. ವಾಟರ್ ಕೂಲಿಂಗ್ ಬಂದ ಮೇಲೆ ಆ ಪುಕ್ಕಟೆ ಗಾಳಿಯೂ ನಿಂತುಹೋಯಿತು.

ಫ್ಯಾನಿನ ಲೆಕ್ಕ ಸ್ವಲ್ಪ ವಿಚಿತ್ರ. ಒಂದು ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸುವ ಬದಲು ಅಂಥವೇ ಎರಡನ್ನು ಪಕ್ಕಪಕ್ಕ ಕೂರಿಸಿ ಅರ್ಧ ವೇಗದಲ್ಲಿ ಓಡಿಸಿದರೆ, ಎದುರಿಗೆ ತಡೆ ಇಲ್ಲದಿದ್ದಾಗ, ಗಾಳಿ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಸದ್ದು ಮಾತ್ರ ಸುಮಾರು 12 ಡೆಸಿಬಲ್ ಇಳಿಯುತ್ತದೆ. ಆದರೆ ವೇಗ ಅರ್ಧವಾದಾಗ ಫ್ಯಾನಿನ ಒತ್ತಡ ಕಾಲು ಭಾಗಕ್ಕೆ ಕುಸಿಯುವುದರಿಂದ, ಎದುರಿಗಿರುವ ಫೋಮ್, ಧೂಳಿನ ಜಾಲರಿ, ರೇಡಿಯೇಟರಿನ ದಟ್ಟ ರೆಕ್ಕೆಗಳು ಅದರ ಪಾಲಿಗೆ ಗೋಡೆಯಾಗುತ್ತವೆ. ನಿಧಾನದ ಫ್ಯಾನು ಮತ್ತು ಮುಚ್ಚಿದ ಕ್ಯಾಬಿನೆಟ್ಟು, ಎರಡನ್ನೂ ಸೈಲೆಂಟ್ ಎಂದೇ ಮಾರುತ್ತಾರಾದರೂ, ಒಂದಕ್ಕೊಂದು ಶತ್ರುಗಳು.

ಇದನ್ನು ಕಣ್ಣಾರೆ ನೋಡಲು ನಾನು ಒಂದು ಊದುಬತ್ತಿ ಹಚ್ಚಿ ಮುಂಭಾಗದ ಸಂದಿಗೆ ಹಿಡಿದೆ. ಹೊಗೆ ಒಳಗೆ ಹೋಗದೆ, ಹೊಸ್ತಿಲಲ್ಲಿ ನಿಂತು ಯೋಚಿಸುವ ನೆಂಟರಂತೆ, ಅಲ್ಲೇ ಸುತ್ತಾಡಿ ಮೇಲಕ್ಕೆ ಹೊರಟಿತು. ಮುಂಭಾಗದ ಪ್ಯಾನೆಲನ್ನು ಕಿತ್ತಿಟ್ಟು ಮತ್ತೆ ಹಿಡಿದಾಗ ಎಳೆ ನೆಟ್ಟಗೆ ಫ್ಯಾನಿನೊಳಗೆ ನುಗ್ಗಿತು. ಅದೇ 600 ಆರ್‌ಪಿಎಂನಲ್ಲಿ, ಅದೇ ಕೆಲಸಕ್ಕೆ, ನೀರಿನ ಉಷ್ಣತೆ 6 ಡಿಗ್ರಿ ಇಳಿಯಿತು. (ಊದುಬತ್ತಿಯ ಬೂದಿ ಒಳಗೆ ಬೀಳದಂತೆ ನೋಡಿಕೊಳ್ಳಿ, ನನ್ನ ಪತ್ನಿ ಈ ಪೂಜೆಯನ್ನು ನೋಡಿ ನಕ್ಕದ್ದು ಬೇರೆ ಮಾತು.)

ಆಮೇಲೆ ಜಾಲರಿ ಮುಖದ ಕ್ಯಾಬಿನೆಟ್ಟಿಗೆ ಬದಲಾಯಿಸಿ, ಮುಂದೆ 140 ಮಿಲಿಮೀಟರಿನ ಎರಡು ಫ್ಯಾನುಗಳನ್ನು ಒಳಮುಖವಾಗಿ ಹಾಕಿ, ರೇಡಿಯೇಟರನ್ನು ಮೇಲ್ಭಾಗದಲ್ಲಿ ಗಾಳಿ ಹೊರಹೋಗುವಂತೆ ಕೂರಿಸಿದೆ. ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ಅದರೊಳಗಿಂದಲೇ ಹಾಯುತ್ತದೆ ಎಂಬ ಕೊರತೆ ಇದ್ದರೂ, ಗಾಳಿಗುಳ್ಳೆಗಳು ಪಂಪಿನೊಳಗೆ ಸೇರದೆ ರೇಡಿಯೇಟರಿನ ತುದಿಯಲ್ಲೇ ಉಳಿಯುವುದರಿಂದ ರಾತ್ರಿಯ ಗುಳುಗುಳು ಸದ್ದು ನಿಂತಿತು, ನನಗೆ ಅದೇ ಮುಖ್ಯ. ಫ್ಯಾನಿನ ವೇಗವನ್ನು ಪ್ರೊಸೆಸರಿನ ಬದಲು ನೀರಿನ ಉಷ್ಣತೆಗೆ ಜೋಡಿಸಿದ್ದು ಇನ್ನೂ ಒಳ್ಳೆಯದಾಯಿತು. ಪ್ರೊಸೆಸರ್ ಒಂದೆರಡು ಸೆಕೆಂಡಿನಲ್ಲಿ 20 ಡಿಗ್ರಿ ಏರಿ ಇಳಿಯಬಹುದು, ನೀರು ಕಾಯಲು ನಿಮಿಷಗಳೇ ಬೇಕು. ಒಂದೇ ಸಮನೆ ಬರುವ ಮೆಲುದನಿಯನ್ನು ಕಿವಿ ಮರೆಯುತ್ತದೆ, ಏರಿಳಿಯುವುದನ್ನು ಮರೆಯುವುದಿಲ್ಲ.

ಇಷ್ಟಾದ ಮೇಲೂ ಉಳಿದಿರುವುದು ಧೂಳು. ಗಾಳಿಯನ್ನು ಸರಾಗವಾಗಿ ಬಿಟ್ಟುಕೊಳ್ಳುವ ಜಾಲರಿ ನಮ್ಮೂರಿನ ಕೆಂಧೂಳನ್ನೂ ಅಷ್ಟೇ ಸರಾಗವಾಗಿ ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಬಚ್ಚಲಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕುತ್ತೇನೆ. ಕಳೆದ ವಾರ ತೊಳೆದ ನೀರು ಇಟ್ಟಿಗೆ ಬಣ್ಣಕ್ಕಿತ್ತು.