ಮೂರು ನಿಮಿಷ ಕಾದರೆ ಏನು ನಷ್ಟ?

2024ರ ರಾಕ್ ಆಲ್ಬಂಗಳ ಬಗ್ಗೆ ನೀವು ಬರೆದದ್ದು ಓದಿದೆ ಸರ್. ಇಂಗ್ಲೆಂಡಿನ ರಾಕ್ ತಂಡ ದ ಕ್ಯೂರ್‌ನ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಬರೀ ಎಳೆದಾಟ ಅಂತ ನಾಲ್ಕೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಇದನ್ನು ಮಾತ್ರ ಒಪ್ಪಲಾರೆ.

ಮೊದಲ ಹಾಡು ‘ಅಲೋನ್’ನಲ್ಲಿ ತಂಡದ ಹಾಡುಗಾರ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದೇ ಮೂರು ನಿಮಿಷ ಕಳೆದ ಮೇಲೆ. ಅಷ್ಟರಲ್ಲಿ ಡ್ರಮ್ಮು, ಬೇಸ್ ಗಿಟಾರು, ಕೀಬೋರ್ಡು ಸೇರಿ ಒಂದು ದೊಡ್ಡ ಖಾಲಿ ಮನೆ ಕಟ್ಟಿರುತ್ತವೆ. ಆ ದನಿ ಒಳಗೆ ಬಂದು ಒಂಟಿಯಾಗಿ ನಿಲ್ಲಬೇಕಾದರೆ ಅಷ್ಟು ಜಾಗ ಬೇಕೇ ಬೇಕು. ಅರ್ಧ ಗಂಟೆ ಹಿಂದೂಸ್ತಾನಿಯ ನಿಧಾನಗತಿಯ ವಿಲಂಬಿತ್ ಖಯಾಲ್ ಕೂತು ಕೇಳುವ ನಮ್ಮವರಿಗೆ ಇದು ಕಷ್ಟವಾಗಬಾರದು! ಕೊನೆಯ ‘ಎಂಡ್‌ಸಾಂಗ್’ ಹತ್ತು ನಿಮಿಷ ದಾಟುತ್ತದೆ, ನಿಜ. ಮೊದಲ ಸಲ ನಾನೂ ನಡುವೆ ಫೋನ್ ನೋಡಿದ್ದೆ, ಸುಳ್ಳೇಕೆ ಹೇಳಲಿ.

‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’ ಬಗ್ಗೆ ಒಂದಕ್ಷರವೂ ಇಲ್ಲವಲ್ಲ? ತೀರಿಕೊಂಡ ಅಣ್ಣನಿಗಾಗಿ ಸ್ಮಿತ್ ಬರೆದ ಹಾಡು ಅದು. ಆ ಪಿಯಾನೋ ಕೇಳಿದ ರಾತ್ರಿ ನನಗೆ ಬೇರೆ ಹಾಡು ಹಾಕಲು ಮನಸ್ಸಾಗಲಿಲ್ಲ. ಅದೂ ಅಲ್ಲದೆ, ತಂಡದ 2008ರ ಆಲ್ಬಂ ಬಳಿಕ 16 ವರ್ಷ ಬಿಟ್ಟು ಬಂದ ಆಲ್ಬಂ ಇದು. ಎಂಟೇ ಹಾಡು, 50 ನಿಮಿಷವೂ ಇಲ್ಲ.

‘ಡ್ರೋನ್:ನೋಡ್ರೋನ್’ ಈ ಆಲ್ಬಂನ ಉಳಿದ ಹಾಡುಗಳಿಗೆ ಹೊಂದಲ್ಲ ಅಂದಿದ್ದೀರಿ, ಅದು ಸರಿ. ಡಬ್ಲಿನ್ನಿನ ತಂಡ ಫಾಂಟೇನ್ಸ್ ಡಿ.ಸಿ.ಯ ‘ರೊಮಾನ್ಸ್’ ಆಲ್ಬಂ ಹೊಗಳಿದ್ದಕ್ಕೂ ಥ್ಯಾಂಕ್ಸ್. ಅದರ ‘ಸ್ಟಾರ್‌ಬರ್ಸ್ಟರ್’ನಲ್ಲಿ ಉಸಿರು ಸಿಕ್ಕಿಕೊಂಡಂತೆ ಒಳಗೆಳೆದುಕೊಳ್ಳುವ ಆ ಸದ್ದು ಇದೆಯಲ್ಲ, ಅದನ್ನು ಹೆಡ್‌ಫೋನಿನಲ್ಲೇ ಕೇಳಬೇಕು.