ಆರು ಕಿಟಕಿ, ಆರು ಪರದೆ

ಮೂರು ವರ್ಷದ ಹಿಂದೆ, ನವೆಂಬರ್ ಮುಗಿಯುತ್ತಿದ್ದ ಒಂದು ಭಾನುವಾರ. ಸಂಜೆ ನಾಲ್ಕಕ್ಕೇ ರಾತ್ರಿಯಾಗಿತ್ತು. ಅನ್ನಕ್ಕಿಟ್ಟು ಈಚೆ ಬರುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ನೋಡಿದರೆ ಮೇಲಿನ ಮಹಡಿಯ ಹಿರಿಯಾಕೆ. ಎಂಬತ್ತರ ಹತ್ತಿರದ ವಯಸ್ಸು. ಮೆಟ್ಟಿಲಲ್ಲಿ ಎದುರಾದರೆ ಸ್ವೀಡಿಷ್ ಭಾಷೆಯಲ್ಲಿ ನಮಸ್ಕಾರದ ಬದಲು 'ಹೇ' ಅನ್ನುವುದು ಬಿಟ್ಟು ಎರಡು ವರ್ಷದಲ್ಲಿ ನಮ್ಮ ನಡುವೆ ಬೇರೆ ಮಾತೇ ಆಗಿರಲಿಲ್ಲ. ಕೈಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಮರದ ದೀಪದ ಸ್ಟ್ಯಾಂಡು, ಅದರ ಮೇಲೆ ಗೋಪುರದ ಹಾಗೆ ಏರಿ ಇಳಿಯುವ ಏಳು ಬಲ್ಬು. "ನನ್ನಲ್ಲಿ ಒಂದು ಹೆಚ್ಚಿಗೆ ಇದೆ, ಇಟ್ಟುಕೋ. ನಿಮ್ಮ ನಾಲ್ಕೂ ಕಿಟಕಿ ಕತ್ತಲಾಗಿವೆ. ಊರಿಗೆ ಹೋಗಿದ್ದೀರೇನೋ ಅಂದುಕೊಂಡಿದ್ದೆ" ಅಂದರು.

ನಾವು ಮನೆಯಲ್ಲೇ ಇದ್ದೆವು. ಎಲ್ಲ ಕೋಣೆಯಲ್ಲೂ ಲೈಟು ಉರಿಯುತ್ತಿತ್ತು. ಪರದೆ ಮಾತ್ರ ಮುಚ್ಚಿತ್ತು, ಸಂಜೆಯಾದ ಮೇಲೆ ಒಳಗಿನದು ಹೊರಗೆ ಕಾಣಬಾರದಲ್ಲ. ಅದನ್ನೇ ಹೇಳಿದೆ. ಆಕೆ ಕೋಟು ಹಾಕಿಕೊಂಡೇ ಬಂದಿದ್ದರು. "ನೀನೂ ಹಾಕಿಕೋ, ಕೆಳಗೆ ಹೋಗಿ ನೋಡೋಣ" ಅಂದರು.

ನಾವಿರುವುದು ಸ್ವೀಡನ್ನಿನ ಗೋಥೆನ್‌ಬರ್ಗಿನ ಮಯೋರ್ನಾ ಎಂಬ ಹಳೆಯ ಬಡಾವಣೆಯಲ್ಲಿ. ಇಲ್ಲಿನ ಮನೆಗಳಿಗೆ ಒಂದು ಗುರುತಿದೆ: ಕೆಳಗಿನ ಅಂತಸ್ತು ಕಲ್ಲು ಇಟ್ಟಿಗೆಯದು, ಮೇಲಿನ ಎರಡು ಮರದವು. ಬೆಂಕಿಯ ಭಯಕ್ಕೆ ಮರದ ಮನೆ ಎರಡು ಅಂತಸ್ತಿಗಿಂತ ಎತ್ತರ ಇರಕೂಡದು ಅಂತ ನಿಯಮವಿದ್ದ ಕಾಲದಲ್ಲಿ ಕಂಡುಕೊಂಡ ಉಪಾಯ ಇದು. ಜಿಲ್ಲೆಯ ಅಧಿಕಾರಿ ಒಪ್ಪಿಗೆ ಕೊಟ್ಟಿದ್ದರಿಂದ ಇವಕ್ಕೆ 'ಅಧಿಕಾರಿ ಮನೆ' ಅನ್ನುವ ಅರ್ಥದ ಹೆಸರೇ ನಿಂತಿದೆ. ರಸ್ತೆಯ ಉದ್ದಕ್ಕೂ ಒಂದೇ ಎತ್ತರ, ಒಂದೇ ಅಳತೆಯ ಕಿಟಕಿಗಳ ಸಾಲು. ಆ ಸಂಜೆ ಒಂದೊಂದು ಕಿಟಕಿಯಲ್ಲೂ ಏಳು ದೀಪದ ಅದೇ ಗೋಪುರ, ಇಲ್ಲವೇ ಕಾಗದದ ಒಂದು ನಕ್ಷತ್ರ. ಎಲ್ಲವೂ ಹಳದಿ ಬೆಳಕು. ರಸ್ತೆಯ ತುದಿಯವರೆಗೆ ಹಾಗೇ ಹೋಗಿತ್ತು. ನಡುವೆ ಹಲ್ಲು ಬಿದ್ದ ಬಾಯಿಯಂತೆ ನಮ್ಮ ನಾಲ್ಕು ಕಿಟಕಿ.

ಪೂರ್ತಿ ಕತ್ತಲೂ ಅಲ್ಲ. ಹಾಲಿನ ಒಂದು ಕಿಟಕಿಗೆ ಊರಿನಿಂದ ತಂದ ಮರೂನ್ ಪರದೆ, ಅದರ ಬಟ್ಟೆ ಸಾಲದೆ ಪಕ್ಕದ್ದಕ್ಕೆ ಕಂದು. ಮಲಗುವ ಕೋಣೆಗೆ ದೊಡ್ಡ ಹೂವಿನದು, ಮಗಳ ಕೋಣೆಗೆ ನೀಲಿಯ ಮೇಲೆ ಆನೆಮರಿಗಳು. ಒಳಗಿನ ಬೆಳಕು ಒಂದೊಂದರಿಂದ ಒಂದೊಂದು ಬಣ್ಣವಾಗಿ ಸೋರುತ್ತಿತ್ತು. ಆಕೆ ಸ್ವಲ್ಪ ಹೊತ್ತು ನೋಡಿ, "ಇಲ್ಲಿ ನಾಲ್ಕು ಬೇರೆ ಬೇರೆ ಬಾಡಿಗೆದಾರರು ಇದ್ದಾರೆ ಅಂತ ಹೊಸಬರಿಗೆ ಅನ್ನಿಸುತ್ತೆ" ಅಂದರು. ಚುಚ್ಚುವ ಉದ್ದೇಶ ಅವರಿಗಿರಲಿಲ್ಲ. ನನಗೆ ಚುಚ್ಚಿತು. ಎರಡು ವರ್ಷ ಇದ್ದ ಮನೆಯನ್ನು ಒಮ್ಮೆಯೂ ಬೀದಿಯಲ್ಲಿ ನಿಂತು ನೋಡಿರಲಿಲ್ಲ.

ಆ ಏಳು ದೀಪದ ಸ್ಟ್ಯಾಂಡು ಇದೇ ಊರಿನದು ಅಂತ ಆಮೇಲೆ ತಿಳಿಯಿತು. 1930ರ ದಶಕದಲ್ಲಿ ಇಲ್ಲಿನ ಫಿಲಿಪ್ಸ್ ಕಂಪನಿಯಲ್ಲಿದ್ದ ಆಸ್ಕರ್ ಆಂಡರ್ಸನ್ ಎಂಬಾತ, ಅಂಗಡಿಗಳಿಂದ ವಾಪಸು ಬಂದ ಕ್ರಿಸ್‌ಮಸ್ ಮರದ ಬಲ್ಬುಗಳು ಸುಮ್ಮನೆ ಹಾಳಾಗುವುದನ್ನು ನೋಡಲಾರದೆ ಅವನ್ನು ಮರದ ಸ್ಟ್ಯಾಂಡಿಗೆ ಜೋಡಿಸಿದ. ಈಗ ಅದಿಲ್ಲದ ಕಿಟಕಿ ಹುಡುಕಬೇಕು. ಕ್ರಿಸ್‌ಮಸ್ಸಿಗೆ ನಾಲ್ಕು ಭಾನುವಾರ ಮುಂಚೆ ಹೊತ್ತಿಸಿದರೆ, ಹಬ್ಬ ಮುಗಿದು 20ನೆಯ ದಿನ, ಜನವರಿ 13ಕ್ಕೆ ತೆಗೆಯುವುದು. ಡಿಸೆಂಬರಿನ ನಡುವಿನಲ್ಲಿ ಇಲ್ಲಿ ಸೂರ್ಯ ಬರುವುದು ಬೆಳಿಗ್ಗೆ 8.50ರ ಸುಮಾರಿಗೆ, ಮಧ್ಯಾಹ್ನ ಮೂರೂವರೆಯೊಳಗೆ ಹೋಗಿಯೇ ಬಿಡುತ್ತಾನೆ. ಆರು ಗಂಟೆಗೆ ಕೆಲಸ ಮುಗಿಸಿ ಟ್ರಾಮ್ ಇಳಿದು ಬರುವವಳಿಗೆ ಆ ಸಾಲು ಕಿಟಕಿಗಳೇ ದಾರಿ. ಯಾರ ಮನೆಯದೋ ದೀಪ ನನಗೆ ದಾರಿಯಾಗುತ್ತದೆ, ನನ್ನದು ಇನ್ಯಾರಿಗೋ.

ಇದನ್ನೆಲ್ಲ ನೋಡುವಾಗ ಹಾಸನದ ನಮ್ಮ ಮನೆ ಕಣ್ಣ ಮುಂದೆ ಬರುತ್ತದೆ. ಅಲ್ಲಿ ಆರು ಕಿಟಕಿ. ಆರಕ್ಕೂ ಎರಡು ಮೊಳೆ, ನಡುವೆ ಜೋತುಬಿದ್ದ ಸ್ಪ್ರಿಂಗ್ ತಂತಿ, ಅದರಲ್ಲಿ ಅರ್ಧ ಕಿಟಕಿಯಷ್ಟೇ ಮುಚ್ಚುವ ಪರದೆ. ಮುಂದಿನ ಕೋಣೆಯದು ಒಂದು ದಸರಾ ವಸ್ತುಪ್ರದರ್ಶನದಲ್ಲಿ ಕೊಂಡದ್ದು. ಅಪ್ಪನ ರೂಮಿನದು ಅಮ್ಮನ ಹಳೇ ವಾಯಿಲ್ ಸೀರೆ. ಅಡುಗೆಮನೆಯದು ಯಾವುದೋ ಲಂಗದ ಬಟ್ಟೆಯ ಉಳಿಕೆ. ಕಿಟಕಿಯ ಕಟ್ಟೆಯ ಮೇಲೆ ಬಾಚಣಿಗೆ, ಅಮೃತಾಂಜನ, ಟಾರ್ಚು, ಸೊಳ್ಳೆಬತ್ತಿಯ ತಟ್ಟೆ, ಕಟ್ಟಬೇಕಾದ ಕರೆಂಟ್ ಬಿಲ್ಲು. ಒಂದು ವಸ್ತುವಿಗೆ ಜಾಗ ಗೊತ್ತಾಗದಿದ್ದರೆ ನಮ್ಮಲ್ಲಿ ಅದು ಸೇರುವುದು ಕಿಟಕಿಗೇ.

ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದಾಗ ಮುಂದಿನ ಕೋಣೆಗೆ ಹೊಸ ಪರದೆ ಬಂತು, ಕೆನೆ ಬಣ್ಣದ್ದು, ಕೆಳಗೆ ಝರಿಯಂಚು. ಒಳಗಿನ ಕೋಣೆಯಲ್ಲಿ ಸೀರೆ ಉಡುತ್ತಾ ನಾನು ನೋಡುತ್ತಿದ್ದದ್ದು ಬಣ್ಣ ಹೋದ ಅದೇ ಹಸಿರು ಪರದೆಯನ್ನು. ಯಾರೋ ಕೂರುವ ಕೋಣೆಗೆ ಇಷ್ಟು, ನಾವಿರುವ ಕೋಣೆಗೆ ಇಷ್ಟು ಸಾಕು ಅನ್ನುವ ಆ ಲೆಕ್ಕ ಆವತ್ತು ಮನಸ್ಸಿಗೆ ಬಂದದ್ದು ಇವತ್ತಿಗೂ ಹೋಗಿಲ್ಲ. ನಮ್ಮಲ್ಲಿ ಮನೆ ಎಂದರೆ ಒಂದೊಂದೇ ಕೋಣೆ. ದುಡ್ಡು ಬಂದಾಗ ಒಂದು, ಮದುವೆ ಬಂದಾಗ ಇನ್ನೊಂದು.

ನಮಗೆ ಹೊಂದಿಸುವ ಕಣ್ಣಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸೀರೆಯಂಚಿನ ಬಣ್ಣಕ್ಕೆ ಸರಿಯಾದ ರವಿಕೆ ಕಣ ಸಿಗುವವರೆಗೆ ನಾಲ್ಕು ಅಂಗಡಿ ಹತ್ತಿ ಇಳಿಯುವವರು ನಾವು. ನವರಾತ್ರಿಯಲ್ಲಿ ಅಮ್ಮ ಗೊಂಬೆ ಕೂರಿಸುವಾಗ ಒಂಬತ್ತು ಮೆಟ್ಟಿಲಿಗೂ ಒಂದೇ ಬಿಳಿ ಪಂಚೆಯ ಬಟ್ಟೆ ಹಾಸುತ್ತಾಳೆ. ಮೇಲೆ ಪಟ್ಟದ ಗೊಂಬೆ, ಕೆಳಗೆ ದಿನಸಿ ಅಂಗಡಿ ಶೆಟ್ಟಿ, ಪಕ್ಕದಲ್ಲಿ ಪ್ಲಾಸ್ಟಿಕ್ ಕ್ರಿಕೆಟ್ ಟೀಮು. ಏನೇ ಇಟ್ಟರೂ ಕಣ್ಣಿಗೆ ಒಂದಾಗಿ ಕಾಣುವುದು ಆ ಬಿಳಿಯಿಂದ. ಇದು ಗೊತ್ತಿರುವ ಕೈಗೆ ಆರು ಕಿಟಕಿ ಕಷ್ಟವೇ? ನಮ್ಮ ಶ್ರದ್ಧೆಯೆಲ್ಲ ಹೊಸಿಲಿಗೆ, ಬಾಗಿಲಿಗೆ, ತೋರಣಕ್ಕೆ ಹೋಗಿ ಮುಗಿದುಬಿಡುತ್ತದೆ. ಕಿಟಕಿಯ ತನಕ ಬರುವುದೇ ಇಲ್ಲ.

ಮೇಲಿನ ಮನೆಯಾಕೆ ನನಗೆ ಕಲಿಸಿದ್ದೂ ಹೆಚ್ಚುಕಡಿಮೆ ಗೊಂಬೆ ಮೆಟ್ಟಿಲಿನ ಪಾಠವೇ. ಎಲ್ಲ ಕೋಣೆಗೂ ಒಂದೇ ಬಟ್ಟೆ, ತೆಳು ಬಿಳಿ ಲಿನನ್. ಪರದೆ ತೂಗುವ ಸರಳು ಎಲ್ಲ ಕಡೆ ಒಂದೇ ಎತ್ತರಕ್ಕೆ, ಕಿಟಕಿಗಿಂತ ಎರಡೂ ಪಕ್ಕ ಒಂದು ಗೇಣು ಉದ್ದ. ಆಗ ಪರದೆ ಸರಿಸಿದರೆ ಗೋಡೆಯ ಮೇಲೆ ನಿಲ್ಲುತ್ತದೆ, ಇದ್ದಬದ್ದ ಬೆಳಕನ್ನು ತಿನ್ನುವುದಿಲ್ಲ. ಇಲ್ಲಿ ಕಿಟಕಿಯ ಕೆಳಗೇ ಮನೆ ಬಿಸಿ ಮಾಡುವ ರೇಡಿಯೇಟರ್ ಇರುತ್ತದೆ. ಪರದೆ ಅದರ ಮೇಲೆ ಬಿದ್ದರೆ ಶಾಖ ಗಾಜಿನ ಕಡೆಗೇ ಹೋಗಿ ದಂಡವಾಗುತ್ತದೆ, ಆದ್ದರಿಂದ ಉದ್ದ ಕಟ್ಟೆಯವರೆಗೆ ಮಾತ್ರ. ಬಲ್ಬು ಎಲ್ಲ ಕಡೆ ಒಂದೇ ಬಣ್ಣ, 2700 ಕೆಲ್ವಿನ್, ಅಂದರೆ ಹಳದಿ ಬೆಳಕಿನದು. ಒಂದು ಕೋಣೆಯಲ್ಲಿ ಟ್ಯೂಬ್‌ಲೈಟಿನ ಬಿಳಿ ಬಂದರೂ ಸಾಲು ಕೆಟ್ಟಿತು. ಬೇಕಾದ ಬಣ್ಣ ಪರದೆ ಕಟ್ಟುವ ಪಟ್ಟಿಯಲ್ಲಿರಲಿ, ಕುಂಡದಲ್ಲಿರಲಿ ಅಂದರು. ಮಗಳು ತನ್ನ ಆನೆಮರಿ ಬಟ್ಟೆಯನ್ನು ಕತ್ತರಿಸಿ ಪಟ್ಟಿ ಮಾಡಿಕೊಂಡಳು. ನಾನು ಮರೂನಿನಿಂದ ಮಾಡಿಸಿದೆ. ಈಗ ನಮ್ಮ ನಾಲ್ಕು ಕಿಟಕಿಗೆ ದೀಪ ಹತ್ತುವುದು ದೀಪಾವಳಿಯಿಂದಲೇ, ಕಾರ್ತಿಕ ಪೂರ್ತಿ. ಬೀದಿಯವರು ಸೇರಿಕೊಳ್ಳುವುದು ಆಮೇಲೆ.

ಹೋದ ತಿಂಗಳು ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ಹಾಸನದ ಮನೆಗೂ ಎಲ್ಲ ಕಿಟಕಿಗೆ ಒಂದೇ ಪರದೆ ಹೊಲಿಸುತ್ತೇನೆ ಅಂತ.

"ಕಿಟಕಿ ಇರೋದು ಗಾಳಿಗೆ ಕಣೇ. ಬೀದೀಲಿ ಹೋಗೋರು ನೋಡ್ಲಿ ಅಂತ ಯಾರಾದ್ರೂ ಪರದೆ ಹಾಕ್ತಾರಾ?"

"ಮತ್ತೆ ನೀನು ದಿನಾ ರಂಗೋಲಿ ಹಾಕೋದು?"

"ಅದು ಲಕ್ಷ್ಮಿಗೆ" ಅಂದಳು. ಸ್ವಲ್ಪ ಸುಮ್ಮನಿದ್ದು, "ಬಿಳಿ ಮಾತ್ರ ಬೇಡ, ಧೂಳಿಗೆ ವಾರಕ್ಕೊಂದ್ಸಲ ಒಗೀಬೇಕಾಗುತ್ತೆ" ಅಂದಳು. ಅದು ನಿಜ. ನಮ್ಮ ಬೀದಿಯಲ್ಲಿ ಬಸ್ಸು ಓಡಾಡುತ್ತದೆ. ಅಪ್ಪನ ರೂಮಿಗೆ ಪಡುವಣ ಬಿಸಿಲು, ತೆಳು ಬಟ್ಟೆ ಅಲ್ಲಿ ಕೆಲಸಕ್ಕೆ ಬಾರದು, ಒಳಗೊಂದು ದಪ್ಪ ಪದರ ಕೊಡಿಸಬೇಕು. ಸೊಳ್ಳೆ ಮೆಶ್ಶಿನ ಬಾಗಿಲು ಒಳಕ್ಕೆ ತೆರೆಯುವುದರಿಂದ ಸರಳನ್ನು ಗೋಡೆಯಿಂದ ಈಚೆಗೆ ತರಬೇಕು. ಇದನ್ನೆಲ್ಲ ಒಪ್ಪಿದೆ. ಕೋರಾ ಬಣ್ಣ ಅಂತ ತೀರ್ಮಾನವಾಯಿತು.

"ಅಡುಗೆಮನೇದು ಮುಟ್ಬೇಡ" ಅಂದಳು ಆಮೇಲೆ.

ಏಕೆ ಅಂತ ನಾನು ಕೇಳಲಿಲ್ಲ. ಆ ಕಿಟಕಿಯ ಸರಳುಗಳ ನಡುವೆ ಪಕ್ಕದ ಮನೆ ಆಂಟಿಯ ಕೈ ಒಳಗೆ ಬರುತ್ತದೆ. ಕರಿಬೇವಿನ ಎಸಳು, ಬಟ್ಟಲಲ್ಲಿ ಹುಳಿ, ಏಕಾದಶಿಯ ದಿನ ಅವಲಕ್ಕಿ. ನಾನು ಹುಟ್ಟುವುದಕ್ಕೆ ಮುಂಚಿನಿಂದ ಅವರಿಬ್ಬರ ಮಾತು ನಡೆದಿರುವುದು ಅಲ್ಲೇ. ಆ ಲಂಗದ ಬಟ್ಟೆಯ ಪರದೆ ಯಾವಾಗಲೂ ಒಂದು ಮೂಲೆಗೆ ಗಂಟು ಹಾಕಿಕೊಂಡಿರುತ್ತದೆ, ಇಳಿಬಿಟ್ಟದ್ದನ್ನು ನೋಡಿದ ನೆನಪೇ ನನಗಿಲ್ಲ. ಮಯೋರ್ನಾದಲ್ಲಿ ನಮ್ಮ ಎದುರು ಮನೆಯ ಕಿಟಕಿಯನ್ನು ಐದು ವರ್ಷದಿಂದ ನೋಡುತ್ತಿದ್ದೇನೆ. ಅವರ ಎರಡು ಬಿಳಿ ಆರ್ಕಿಡ್ ಯಾವಾಗ ಹೂ ಬಿಡುತ್ತವೆ ಅಂತ ಗೊತ್ತು, ನಕ್ಷತ್ರದ ದೀಪ ಎಷ್ಟು ಗಂಟೆಗೆ ಹತ್ತುತ್ತದೆ ಅಂತ ಗೊತ್ತು. ಆ ಮನೆಯವರ ಹೆಸರು ಗೊತ್ತಿಲ್ಲ. ಚಳಿಗಾಲದಲ್ಲಿ ಅವರ ಗಾಜು ತೆರೆದದ್ದನ್ನು ನಾನು ಕಂಡಿಲ್ಲ, ನಮ್ಮದನ್ನು ಅವರೂ ಕಂಡಿರಲಾರರು. ಮೇಲಿನ ಮನೆಯಾಕೆಗೂ ನಮ್ಮ ಬಾಗಿಲು ಬಡಿಯಲು ಎರಡು ವರ್ಷ ಬೇಕಾಯಿತು.

ತಮ್ಮನಿಗೆ ಹೇಳಿ ಅಳತೆ ತರಿಸಿಕೊಂಡೆ. ಒಂದು ಕಿಟಕಿಗೆ 3 ಮೀಟರಿನಂತೆ 15 ಮೀಟರ್ ಬಟ್ಟೆ, ಐದು ಕಿಟಕಿಗೆ.