ಬೋರ್ಡಿನ ಮೇಲಿನ ಎರಡು ಗೆರೆ

ಕಳೆದ ತಿಂಗಳು ತುಮಕೂರಿನ ಮಂಡಿಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯೊಂದರ ಮುಂದೆ ನಿಂತಿದ್ದಾಗ, ಬೋರ್ಡಿನ ಕೆಳಗಡೆ ಮಾಲೀಕರ ಹೆಸರಿನ ಹಿಂದೆ ‘ಪ್ರೊ||’ ಎಂದು ಬರೆದಿರುವುದನ್ನು ಓದಿದ ನನ್ನ ತಂಗಿಯ ಮಗ, “ಮಾಮ, ಇವರು ಪ್ರೊಫೆಸರಾ?” ಎಂದು ಕೇಳಿದ. ಅಲ್ಲ, ಪ್ರೊಪ್ರೈಟರ್ ಎಂದೆ. “ಹಂಗಾದ್ರೆ ಎರಡು ಗೆರೆ ಯಾಕೆ? ಅದು ಪದ್ಯ ಮುಗಿದ ಮೇಲೆ ಹಾಕೋದಲ್ವಾ?” ಎಂಬ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರ ಸಿದ್ಧವಿರಲಿಲ್ಲ. ಅಂದಿನಿಂದ ಎಂ.ಜಿ. ರಸ್ತೆ, ಅಶೋಕ ರಸ್ತೆಗಳಲ್ಲಿ ಓಡಾಡುವಾಗಲೆಲ್ಲ ನಾನು ಅಂಗಡಿಯ ಹೆಸರುಗಳನ್ನು ಬಿಟ್ಟು ಅವುಗಳ ಅಕ್ಕಪಕ್ಕದ ಚಿಹ್ನೆಗಳನ್ನೇ ಓದುತ್ತಿದ್ದೇನೆ.

ಈ ಎರಡು ಗೆರೆಗಳ ಪರಿಚಯ ನನಗೆ ಹೊಸದೇನಲ್ಲ. ಹರೆಯದಲ್ಲಿ ಕೆಲವು ವರ್ಷ ಚಿಕ್ಕಪೇಟೆಯ ಒಂದು ಸಣ್ಣ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಮಾಡಿದ್ದೇನೆ. ಲಗ್ನಪತ್ರಿಕೆಯ ಕಾಲ ಬಂತೆಂದರೆ ‘ಚಿ||’, ‘ಕುಂ||’, ‘ಸೌ||’ ಎಂದು ದಿನವಿಡೀ ಗೆರೆಗಳನ್ನೇ ಜೋಡಿಸುತ್ತಿದ್ದೆವು. ವಿಳಾಸಕ್ಕೆ ಬಂದರೆ ‘ಗುಬ್ಬಿ ತಾ||, ತುಮಕೂರು ಜಿ||’. ಇಂಗ್ಲಿಷಿನವರು ಚುಕ್ಕಿ ಇಟ್ಟು ಪದವನ್ನು ಮೊಟಕುಗೊಳಿಸುವಲ್ಲಿ ನಮ್ಮವರು ಗೆರೆ ಎಳೆದರು. ಅಲ್ಪವಿರಾಮ, ಅರ್ಧವಿರಾಮ, ಪ್ರಶ್ನಾರ್ಥಕ ಇವೆಲ್ಲ ಕನ್ನಡಕ್ಕೆ ಇಂಗ್ಲಿಷ್ ಮುದ್ರಣದ ಜೊತೆಗೆ ಬಂದವು. ಅದಕ್ಕೂ ಮೊದಲು ನಮ್ಮ ಬರಹಕ್ಕಿದ್ದ ಮುಖ್ಯ ಚಿಹ್ನೆಗಳೆಂದರೆ ಪದ್ಯದ ಅರ್ಧಕ್ಕೆ ಒಂದು ಗೆರೆ, ಪೂರ್ತಿಗೆ ಎರಡು ಗೆರೆ. ಮನೆಯಲ್ಲಿ ಮೊದಲೇ ಇದ್ದ ಪಾತ್ರೆಯನ್ನು ಹೊಸ ಅಡುಗೆಗೂ ಬಳಸಿಕೊಂಡಂತೆ ಆ ಗೆರೆಗಳೇ ಸಂಕ್ಷೇಪಕ್ಕೂ ಒದಗಿದವು ಎಂದು ನಾನು ಭಾವಿಸುತ್ತೇನೆ. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆಂದೇ ಬೇರೆ ಗೆರೆಗಳಿಲ್ಲ, ದೇವನಾಗರಿಯ ವಿಭಾಗದಲ್ಲಿರುವುದನ್ನೇ ನಾವೂ ಬಳಸಬೇಕು. ಆದರೆ ಅದನ್ನು ಹುಡುಕುವ ತಾಳ್ಮೆ ಯಾರಿಗಿದೆ, ಎಲ್ಲರೂ ಕೀಲಿಮಣೆಯ ಪೈಪ್ ಚಿಹ್ನೆಯನ್ನೇ ಎರಡು ಸಲ ಒತ್ತುತ್ತಾರೆ. ನಾನೂ ಈಗ ಒತ್ತಿರುವುದು ಅದನ್ನೇ.

ಈ ಗೆರೆಗಳನ್ನು ತಪ್ಪೆಂದು ತಿದ್ದುವವರ ಗುಂಪಿನಲ್ಲಿ ನಾನೂ ಬಹಳ ವರ್ಷ ಇದ್ದೆ. ಗುಬ್ಬಿ ಗೇಟಿನ ಬಳಿ ಚಪ್ಪಲಿ ಅಂಗಡಿ ಇಟ್ಟಿರುವ ನಮ್ಮ ಭಾವನವರ ಹಳೆಯ ಬೋರ್ಡನ್ನು ಬರೆಸುವಾಗ, ಗೆರೆಯ ಬದಲು ಚುಕ್ಕಿ ಇಡುವಂತೆ ಪೇಂಟರಿಗೆ ಹೇಳಿದ್ದೆ. ಆತ ಕುಂಚವನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದುತ್ತಲೇ, “ತಗಡಿನ ಮೇಲೆ ಚುಕ್ಕಿ ಇಟ್ರೆ ಮೊಳೆ ಹೊಡ್ದಂಗೆ ಕಾಣುತ್ತೆ ಸಾರ್, ಗೆರೆ ಆದ್ರೆ ರಸ್ತೆ ಆಚೆಯಿಂದ್ಲೂ ಕಾಣುತ್ತೆ” ಎಂದರು. ಅಚ್ಚಿನ ಮೊಳೆ ಜೋಡಿಸಿದವನಿಗೆ ತಗಡಿನ ಮೊಳೆಯ ಲೆಕ್ಕ ಗೊತ್ತಿರಲಿಲ್ಲ. ಇಪ್ಪತ್ತು ಅಡಿ ದೂರದಿಂದ, ಚಲಿಸುವ ಬಸ್ಸಿನಿಂದ ಓದಬೇಕಾದ ಬರಹಕ್ಕೆ ಪುಸ್ತಕದ ಪುಟದ ನಿಯಮಗಳು ಸಾಲುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅವರಿಂದ.

ಹಾಗೆಂದು ಎಲ್ಲ ಗೆರೆಗಳೂ ಒಪ್ಪತಕ್ಕವಲ್ಲ. ‘ಶ್ರೀ||’ ಎಂದು ಬರೆಯುವುದಕ್ಕೆ ನನ್ನ ತಕರಾರು ಇಂದಿಗೂ ಇದೆ, ಏಕೆಂದರೆ ‘ಶ್ರೀ’ ಯಾವ ಪದದ ತುಂಡೂ ಅಲ್ಲ, ಅದು ತಾನೇ ಪೂರ್ಣವಾದ ಪದ. ಇದಕ್ಕೆ ಸರಿಯಾದ ಪಾಠ ನಮ್ಮ ಜಿಲ್ಲೆಯವರ ಹೆಸರುಗಳಲ್ಲೇ ಇದೆ. 1884ರಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ‘ಬಿ.ಎಂ.ಶ್ರೀ.’ ಆದರು, 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ‘ತೀ.ನಂ.ಶ್ರೀ.’ ಆದರು. ಈ ಎರಡೂ ಹೆಸರುಗಳ ಕೊನೆಯ ‘ಶ್ರೀ’ಗೆ ಚುಕ್ಕಿ ಬೇಕೇ ಬೇಕು, ಅಲ್ಲಿ ‘ಕಂಠಯ್ಯ’ ಅಡಗಿದ್ದಾರೆ. ಹೆಸರಿನ ಮುಂದೆ ಗೌರವಕ್ಕೆ ಬರುವ ಶ್ರೀಯ ಹಿಂದೆ ಯಾರೂ ಅಡಗಿಲ್ಲ. ಒಂದೇ ಅಕ್ಷರ, ಒಂದು ಕಡೆ ಚುಕ್ಕಿ ಸರಿ, ಇನ್ನೊಂದು ಕಡೆ ತಪ್ಪು.

ಗೆರೆಗಿಂತ ನನ್ನನ್ನು ಹೆಚ್ಚು ಕಾಡುವುದು ಕೋಲನ್. ಸಿದ್ಧಗಂಗೆಯ ನೆರಳಿನಲ್ಲಿರುವ ಊರಾದ್ದರಿಂದ ಇಲ್ಲಿ ಆಟೋ, ಲಾರಿ, ಕಿರಾಣಿ ಅಂಗಡಿ ಎಲ್ಲದರ ನೆತ್ತಿಯ ಮೇಲೂ ‘ಓಂ ನಮಃ ಶಿವಾಯ’ ಇರುತ್ತದೆ. ಆದರೆ ಹೆಚ್ಚಿನ ಕಡೆ ಅದು ‘ನಮ: ಶಿವಾಯ’ ಎಂದಾಗಿರುತ್ತದೆ. ವಿಸರ್ಗ ಒಂದು ಅಕ್ಷರ, ಅದಕ್ಕೆ ಉಚ್ಚಾರಣೆಯಿದೆ, ಕನ್ನಡದಲ್ಲಿ ಅದರ ರೂಪ ಎರಡು ಸಣ್ಣ ಸೊನ್ನೆಗಳು. ಕೋಲನ್ ಒಂದು ಚಿಹ್ನೆ, ಅದಕ್ಕೆ ಉಚ್ಚಾರಣೆ ಇಲ್ಲ, ಮುಂದೆ ಏನೋ ವಿವರಣೆ ಬರುತ್ತದೆ ಎಂದಷ್ಟೇ ಅದು ಹೇಳುತ್ತದೆ. ‘ನಮ: ಶಿವಾಯ’ ಎಂಬುದನ್ನು ಇದ್ದಂತೆಯೇ ಓದಿದರೆ, ‘ನಮ’ ಎಂದರೆ ಏನು ಎಂಬುದಕ್ಕೆ ‘ಶಿವಾಯ’ ಎಂಬ ಅರ್ಥ ಕೊಟ್ಟ ನಿಘಂಟಿನ ಸಾಲಿನಂತೆ ಕಾಣುತ್ತದೆ. ಕೈಯಲ್ಲಿ ಬರೆಯುವವರು ಈ ಸೊನ್ನೆಗಳನ್ನು ತುಂಬಿ ಚುಕ್ಕಿಯಾಗಿಸಿದರೆ ಅದನ್ನು ಕುಂಚದ ದಪ್ಪಕ್ಕೆ ಬಿಟ್ಟುಬಿಡಬಹುದು; ಕಂಪ್ಯೂಟರಿನಲ್ಲಿ ವಿಸರ್ಗ ಇದ್ದೂ ಕೋಲನ್ ಒತ್ತುವುದಕ್ಕೆ ಆ ಸಬೂಬು ಇಲ್ಲ. ನನ್ನನ್ನು ಕೇಳಿದರೆ ಬೋರ್ಡುಗಳಲ್ಲಿ ಕಡ್ಡಾಯವಾಗಿ ತಿದ್ದಬೇಕಾದದ್ದು ಇದೊಂದೇ, ಏಕೆಂದರೆ ಉಳಿದವು ಚಿಹ್ನೆಯ ಪ್ರಶ್ನೆ, ಇದು ಅಕ್ಷರದ ಪ್ರಶ್ನೆ.

ಉದ್ಧರಣ ಚಿಹ್ನೆಗಳ ವಿಷಯದಲ್ಲಿ ನಾನು ಅರ್ಧ ಉದಾರಿ. ಎಸ್.ಎಸ್. ಪುರಂನ ಮನೆಗಳ ಗೇಟಿನ ಪಕ್ಕ “ಮಾತೃಕೃಪ” ಎಂದು ಚಿಹ್ನೆಯ ನಡುವೆ ಕೆತ್ತಿಸಿದ್ದರೆ ಅದು ಹೆಸರು ಎಂಬ ಸೂಚನೆ, ಅದರಲ್ಲಿ ತಪ್ಪಿಲ್ಲ. ಆದರೆ ಹೋಟೆಲಿನ ಬೋರ್ಡಿನಲ್ಲಿ “ಶುದ್ಧ” ಸಸ್ಯಾಹಾರಿ ಎಂದು ಒಂದು ಪದಕ್ಕೆ ಮಾತ್ರ ಚಿಹ್ನೆ ತೊಡಿಸಿದಾಗ, ಒತ್ತು ಕೊಡಲು ಹೊರಟದ್ದು ಅನುಮಾನ ಹುಟ್ಟಿಸುತ್ತದೆ. ಕ್ಯಾತ್ಸಂದ್ರದ ಕಡೆ ಹೋಗುವಾಗ ‘ತಟ್ಟೆ’ ಇಡ್ಲಿ ಎಂಬ ಬರಹ ಕಂಡು, ಇಡ್ಲಿಯ ಮೇಲೆ ಸಂಶಯವಿಲ್ಲದಿದ್ದರೂ ತಟ್ಟೆಯ ಬಗ್ಗೆ ಸಂಶಯ ಬಂದಿತ್ತು.

‘ಬಾರ್ & ರೆಸ್ಟೋರೆಂಟ್’ ಎಂಬಲ್ಲಿನ ಚಿಹ್ನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ; ಲ್ಯಾಟಿನ್ನಿನಲ್ಲಿ ‘ಮತ್ತು’ ಎಂಬ ಅರ್ಥದ ‘ಎಟ್’ ಪದದ ಎರಡು ಅಕ್ಷರಗಳು ಕೂಡಿಕೊಂಡು ಆದ ರೂಪ ಅದು, ಬಾರಿಗೆ ಹೋಗುವವರು ಅದನ್ನು ಓದುವುದಕ್ಕೆ ನಿಲ್ಲುವುದೂ ಇಲ್ಲ. ಅದೇ ಸಾಲಿನ ಬೋರ್ಡುಗಳಲ್ಲಿ ಮದ್ಯ ಮಧ್ಯವಾಗುವುದು ಬೇರೆ ಕಥೆ.

ಚರ್ಚೆಗೆ ಅರ್ಹವಾದದ್ದು ‘ಮಂಜು’ಸ್ ಕಿಚನ್’ ಮಾದರಿಯ ಹೆಸರುಗಳಲ್ಲಿ ನೇತಾಡುವ ಅಪಾಸ್ಟ್ರಫಿ. ಇಂಗ್ಲಿಷಿನಲ್ಲಿ ಅದು ಷಷ್ಠಿ ವಿಭಕ್ತಿಯ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಆ ಕೆಲಸಕ್ಕೆ ‘ಮಂಜುವಿನ’ ಎಂಬಲ್ಲಿನ ಪ್ರತ್ಯಯವಿದೆ. ‘ಮಂಜೂಸ್’ ಎಂದು ಕಿವಿಗೆ ಕೇಳಿದ್ದನ್ನು ಲಿಪಿಯಲ್ಲಿ ಬರೆಯುವಾಗ ಕೇಳದ ಚಿಹ್ನೆಯನ್ನೂ ಹೊತ್ತು ತರುವ ಅಗತ್ಯವಿಲ್ಲ. ಅದರ ತವರಿನಲ್ಲೇ ಒಮ್ಮತವಿಲ್ಲವಲ್ಲ: ಲಂಡನ್ನಿನ ಪಿಕಾಡಿಲಿ ರೈಲು ಮಾರ್ಗದಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣದ ಹೆಸರಿಗೆ ಅಪಾಸ್ಟ್ರಫಿ ಇದೆ, ಅದರ ಮುಂದಿನ ಬ್ಯಾರನ್ಸ್ ಕೋರ್ಟಿಗೆ ಇಲ್ಲ, ವಾಟರ್‌ಸ್ಟೋನ್ಸ್ ಎಂಬ ಪುಸ್ತಕ ಮಳಿಗೆಯವರು 2012ರಲ್ಲಿ ತಮ್ಮ ಹೆಸರಿನಿಂದ ಅದನ್ನು ಕಿತ್ತುಹಾಕಿದರು.

ಇನ್ನು ಕಣ್ಣಿಗೆ ಕಾಣದ ಚಿಹ್ನೆಯೊಂದಿದೆ. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂದು, ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದಾದಾಗ, ಇಂಗ್ಲಿಷ್ ಹೆಸರುಗಳನ್ನೇ ಕನ್ನಡ ಲಿಪಿಗೆ ಇಳಿಸಿದ ಫ್ಲೆಕ್ಸುಗಳು ಊರಿನ ತುಂಬ ಎದ್ದವು. ಕಾಯ್ದೆ ಅಳತೆಯನ್ನು ಹೇಳುತ್ತದೆ, ಅಕ್ಷರ ಹೇಗೆ ಕೂಡಬೇಕೆಂದು ಹೇಳುವುದಿಲ್ಲ. ಕಂಪ್ಯೂಟರಿಗೆ ‘ಟ್’ ಮತ್ತು ‘ವೇ’ ಒಟ್ಟಿಗೆ ಸಿಕ್ಕರೆ ಅದು ಒತ್ತಕ್ಷರ ಮಾಡಿಬಿಡುತ್ತದೆ. ಬೇಡವೆಂದರೆ ನಡುವೆ ಅಗಲವೇ ಇಲ್ಲದ, ಮುದ್ರಣದಲ್ಲಿ ಕಾಣದ ಒಂದು ಚಿಹ್ನೆಯನ್ನು ಸೇರಿಸಬೇಕು. ಅದನ್ನು ಮರೆತ ಕಡೆ ‘ಫುಟ್‌ವೇರ್’ ಎಂಬುದು ‘ಫುಟ್ವೇರ್’ ಆಗುತ್ತದೆ, ‘ಹಾರ್ಡ್‌ವೇರ್’ ಎಂಬುದು ಒತ್ತೂ ಅರ್ಕಾವೊತ್ತೂ ಮೈಮೇಲೆ ಬಿದ್ದು ಓದುವವರ ನಾಲಿಗೆಯನ್ನು ತಿರುಚುತ್ತದೆ. ಕುಂಚದವರಿಗೆ ಈ ತೊಂದರೆ ಇರಲಿಲ್ಲ, ಅವರ ಕೈ ಕಿವಿಯ ಮಾತು ಕೇಳುತ್ತಿತ್ತು.

ಭಾವನವರು ಆ ವರ್ಷವೇ ಹಳೆಯ ತಗಡನ್ನು ಇಳಿಸಿ ಫ್ಲೆಕ್ಸ್ ಹಾಕಿಸಿದರು. ಹೆಸರನ್ನು ನಾನೇ ಫೋನಿನಲ್ಲಿ ಸರಿಯಾಗಿ ಟೈಪು ಮಾಡಿ ಕಳಿಸಿದ್ದೆ. ಫ್ಲೆಕ್ಸ್ ಅಂಗಡಿಯ ಹುಡುಗ ಅದನ್ನು ನೋಡಿಕೊಂಡು ತನ್ನ ತಂತ್ರಾಂಶದಲ್ಲಿ ಮತ್ತೆ ಟೈಪು ಮಾಡಿದ, ‘ಫುಟ್ವೇರ್’ ಬಂತು. ನಾನು ಬೇಡವೆಂದಾಗ ಸ್ವಲ್ಪ ಯೋಚಿಸಿ, ನಡುವೆ ಜಾಗ ಬಿಟ್ಟು ‘ಫುಟ್ ವೇರ್’ ಮಾಡಿದ. ಎರಡು ಪದವಾದರೂ ನಾಲಿಗೆ ತೊಡರುವುದಿಲ್ಲ ಎಂದು ಒಪ್ಪಿಕೊಂಡೆ. ಕೆಳಗೆ ಭಾವನವರ ಹೆಸರಿನ ಹಿಂದೆ ‘ಪ್ರೊ’ ಆದ ಮೇಲೆ ಚುಕ್ಕಿಯೋ ಗೆರೆಯೋ ಎಂದು ಆತ ಕೇಳಿದಾಗ, ಗೆರೆ, ಎರಡು, ಎಂದೆ.